ತರಗತಿಯ ಗುರುಗಳಿಗೆ ನೆರವಾಗುವ ಉಚಿತ ಡಿಜಿಟಲ್ ಸಾಧನಗಳು: ಒಂದು ಪರಿಚಯ



ಶ್ರೀಮಠದ ದರ್ಶನಕ್ಕೆ ಬರುವ ಭಕ್ತರಲ್ಲಿ ಶಿಕ್ಷಕ ವೃತ್ತಿಯಲ್ಲಿರುವವರು ಅನೇಕರು. ಪಾಠಕ್ಕೆ ಮೊಬೈಲನ್ನೂ ಗಣಕಯಂತ್ರವನ್ನೂ ಬಳಸಬೇಕೆಂಬ ಒತ್ತಾಯ ಎಲ್ಲೆಡೆ ಕೇಳಿಬರುತ್ತಿದೆ; ಆದರೆ ಯಾವುದನ್ನು, ಯಾವ ಪಾಠಕ್ಕೆ, ಎಷ್ಟು ಬಳಸಬೇಕೆಂದು ಹೇಳುವವರು ವಿರಳ ಎಂಬುದು ಅವರ ಕೊರಗು. ಆ ಕೊರಗನ್ನು ಕಿಂಚಿತ್ತಾದರೂ ನೀಗಿಸುವ ಸಲುವಾಗಿ ಈ ಪರಿಚಯ ಲೇಖನವನ್ನು ಸಿದ್ಧಪಡಿಸಿದ್ದೇವೆ. ಸಾಧನಗಳನ್ನು ಆಯುವಾಗ ಮೂರು ಸಂಗತಿಗಳನ್ನು ಗಮನಿಸಿದ್ದೇವೆ: ಹಣ ತೆರಬೇಕಾಗಿರಬಾರದು, ಸಾಧ್ಯವಾದಷ್ಟೂ ಕನ್ನಡದಲ್ಲಿ ದೊರೆಯಬೇಕು, ಗುರುಗಳ ಕೈಯಲ್ಲಿರುವ ಒಂದೇ ಮೊಬೈಲಿನಿಂದ ಅಥವಾ ಶಾಲೆಯ ಒಂದೇ ಗಣಕಯಂತ್ರದಿಂದ ಕೆಲಸ ಸಾಗುವಂತಿರಬೇಕು.

ಪಠ್ಯಪುಸ್ತಕಕ್ಕೆ ಪೂರಕವಾದವು

ಮೊದಲಿಗೆ ಹೇಳಬೇಕಾದದ್ದು ‘ದೀಕ್ಷಾ’. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯಂದು ಲೋಕಾರ್ಪಣೆಗೊಂಡ ಈ ರಾಷ್ಟ್ರೀಯ ವೇದಿಕೆಯಲ್ಲಿ ನಮ್ಮ ರಾಜ್ಯದ ಪಾಠಗಳೂ ಇವೆ. ಪಠ್ಯಪುಸ್ತಕದಲ್ಲಿ ಮುದ್ರಿತವಾಗಿರುವ ಕ್ಯೂಆರ್ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೋ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಮುದ್ರಣ ಮಸುಕಾಗಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿದರೂ ಸಾಕು. ಮನೆಯಲ್ಲಿಯೋ ಪೇಟೆಯಲ್ಲಿಯೋ ಒಮ್ಮೆ ಡೌನ್‌ಲೋಡ್ ಮಾಡಿಕೊಂಡ ಪಾಠವನ್ನು ನೆಟ್‌ವರ್ಕ್ ಸಿಗದ ಊರಿನ ಶಾಲೆಯಲ್ಲಿಯೂ ತೋರಿಸಬಹುದು.

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ರಾಜ್ಯದ ಪಠ್ಯಪುಸ್ತಕಗಳೇ ಪಿಡಿಎಫ್ ರೂಪದಲ್ಲಿ ದೊರೆಯುತ್ತವೆ. ವರ್ಷದ ಆರಂಭದಲ್ಲಿ ಪುಸ್ತಕಗಳು ತಲುಪುವುದು ತಡವಾದಾಗ ಇದರ ಬೆಲೆ ತಿಳಿಯುತ್ತದೆ.

ವಿಜ್ಞಾನ ಮತ್ತು ಗಣಿತ

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು ಆರಂಭಿಸಿದ ‘ಫೆಟ್’ ಯೋಜನೆಯು ಪ್ರಯೋಗಾಲಯವಿಲ್ಲದ ಶಾಲೆಗೆ ಒಂದು ವರವೆನ್ನಬಹುದು. ವೀಮನ್ ಅವರು ಅದರ ಹಿಂದಿನ ವರ್ಷವಷ್ಟೇ ನೊಬೆಲ್ ಪುರಸ್ಕಾರಕ್ಕೆ ಭಾಜನರಾಗಿದ್ದರು. ಬ್ಯಾಟರಿ, ತಂತಿ, ಬಲ್ಬುಗಳನ್ನು ತೆರೆಯ ಮೇಲೆಯೇ ಜೋಡಿಸಿ, ಬಲ್ಬು ಎಲ್ಲಿ ಹೊತ್ತುತ್ತದೆ, ಎಲ್ಲಿ ಹೊತ್ತುವುದಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುವಂತೆ ಇದರಲ್ಲಿ ಮಾಡಬಹುದು. ಇಲ್ಲಿನ ಹಲವು ಪ್ರಯೋಗಗಳು ಕನ್ನಡಕ್ಕೂ ಅನುವಾದಗೊಂಡಿವೆ.

ಗಣಿತಕ್ಕೆ ‘ಜಿಯೋಜೀಬ್ರಾ’ ಇದೆ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ತಮ್ಮ ಸ್ನಾತಕೋತ್ತರ ಅಧ್ಯಯನದ ಭಾಗವಾಗಿ ಆರಂಭಿಸಿದ ತಂತ್ರಾಂಶವಿದು. ತ್ರಿಭುಜವೊಂದನ್ನು ರಚಿಸಿ ಅದರ ಒಂದು ಶೃಂಗವನ್ನು ಎಳೆದಾಡಿದರೆ ಮೂರು ಕೋನಗಳೂ ಬದಲಾಗುತ್ತವೆ, ಅವುಗಳ ಮೊತ್ತ ಮಾತ್ರ 180 ಡಿಗ್ರಿಯಾಗಿಯೇ ಉಳಿಯುತ್ತದೆ. ಕರಿಹಲಗೆಯ ಮೇಲೆ ಒಂದೇ ಚಿತ್ರದಿಂದ ನಂಬಿಸಬೇಕಾದುದನ್ನು ಇಲ್ಲಿ ನೂರು ತ್ರಿಭುಜಗಳಲ್ಲಿ ಕಾಣಿಸಬಹುದು. ಆದರೂ ಸಾಧನೆಯನ್ನು ಬರೆಯಿಸುವ ಕೆಲಸ ಕರಿಹಲಗೆಯದೇ.

ಖಗೋಳದ ಪಾಠಕ್ಕೆ ‘ಸ್ಟೆಲೇರಿಯಂ’ ಎಂಬ ತಂತ್ರಾಂಶ ಯೋಗ್ಯವಾದುದು. ಗಣಕಯಂತ್ರದಲ್ಲಿ ಅಳವಡಿಸಿಕೊಂಡರೆ ತಮ್ಮ ಊರಿನ ಆಕಾಶದಲ್ಲಿ ಈ ರಾತ್ರಿ ಯಾವ ಗ್ರಹ, ಯಾವ ನಕ್ಷತ್ರ ಎಲ್ಲಿರುತ್ತದೆಂಬುದನ್ನು ಹಗಲಿನಲ್ಲಿಯೇ ತೋರಿಸಿ, ರಾತ್ರಿ ಅಂಗಳದಲ್ಲಿ ನಿಂತು ನೋಡಿ ಬರುವಂತೆ ಮಕ್ಕಳಿಗೆ ಹೇಳಬಹುದು.

ಭಾಷೆ ಮತ್ತು ಸಾಹಿತ್ಯ

ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಚಿತ್ರಸಹಿತವಾಗಿವೆ. ಓದಿನ ಸಾಮರ್ಥ್ಯಕ್ಕೆ ಅನುಗುಣವಾಗಿ ನಾಲ್ಕು ಹಂತಗಳಲ್ಲಿ ಅವುಗಳನ್ನು ವಿಂಗಡಿಸಿರುವುದರಿಂದ ಒಂದೇ ತರಗತಿಯಲ್ಲಿರುವ ಚುರುಕಾದ ಓದುಗನಿಗೂ ತಡವರಿಸುವ ಓದುಗನಿಗೂ ತಕ್ಕ ಕಥೆ ಸಿಗುತ್ತದೆ.

ಪದಾರ್ಥಕ್ಕಾಗಿ ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಂಕಲಿಸಿದ ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳು 2019ರಲ್ಲಿ ಎಲ್ಲರಿಗೂ ಮುಕ್ತವಾದವು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಿರ್ವಹಿಸುವ ‘ಭಾರತವಾಣಿ’ಯಲ್ಲಿಯೂ ಅನೇಕ ನಿಘಂಟುಗಳಿವೆ.

ಕನ್ನಡ ಬೋಧಿಸುವವರಿಗೆ ‘ವಚನ ಸಂಚಯ’ವನ್ನು ವಿಶೇಷವಾಗಿ ಸೂಚಿಸಬಯಸುತ್ತೇವೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ನೋಡಬಹುದು. ಇಂದು ಮೊಬೈಲಿನಲ್ಲಿ ಹರಿದಾಡುವ ಸಾಲುಗಳಲ್ಲಿ ವಚನವಲ್ಲದ್ದೂ ವಚನವೆನಿಸಿಕೊಳ್ಳುತ್ತಿದೆ, ಒಬ್ಬ ಶರಣರ ಮಾತು ಇನ್ನೊಬ್ಬರ ಹೆಸರಿಗೆ ಸೇರುತ್ತಿದೆ. ಮಕ್ಕಳಿಗೆ ಕಂಠಪಾಠ ಮಾಡಿಸುವ ಮುನ್ನ ಇಲ್ಲಿ ಹುಡುಕಿ, ಅಂಕಿತವನ್ನು ಹೊಂದಿಸಿ ನೋಡುವುದು ಲೇಸು. ಸಂಶಯ ಉಳಿದರೆ ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ವನ್ನು ತೆರೆದು ನೋಡಬೇಕು.

ಮೌಲ್ಯಮಾಪನ

‘ಗೂಗಲ್ ಫಾರ್ಮ್ಸ್’ನಲ್ಲಿ ಸರಿಯುತ್ತರಗಳನ್ನು ಮೊದಲೇ ಗುರುತಿಸಿಟ್ಟರೆ ಆಯ್ಕೆಯ ಪ್ರಶ್ನೆಗಳ ಅಂಕಗಳನ್ನು ಅದೇ ಲೆಕ್ಕ ಹಾಕುತ್ತದೆ. ಆದರೆ ಉತ್ತರಿಸಲು ಪ್ರತಿ ಮಗುವಿಗೂ ಒಂದು ಸಾಧನ ಬೇಕು.

ಆ ಅನುಕೂಲವಿಲ್ಲದ ಕಡೆ ‘ಪ್ಲಿಕರ್ಸ್’ ಉಪಯುಕ್ತ. ಪ್ರತಿ ಮಗುವಿಗೂ ಒಂದು ಮುದ್ರಿತ ಕಾಗದದ ಕಾರ್ಡು ಕೊಡಲಾಗುತ್ತದೆ. ಕಾರ್ಡಿನ ನಾಲ್ಕು ಬದಿಗಳೇ ನಾಲ್ಕು ಉತ್ತರಗಳು. ತನ್ನ ಉತ್ತರದ ಬದಿ ಮೇಲೆ ಬರುವಂತೆ ಮಗು ಕಾರ್ಡನ್ನು ಎತ್ತಿ ಹಿಡಿದರೆ, ಗುರುಗಳು ಮೊಬೈಲಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಹಾಯಿಸಿದೊಡನೆ ಎಲ್ಲರ ಉತ್ತರವೂ ದಾಖಲಾಗುತ್ತದೆ. ಪಕ್ಕದವರ ಕಾರ್ಡನ್ನು ನೋಡಿ ನಕಲು ಮಾಡುವುದು ಸುಲಭವಲ್ಲ, ಏಕೆಂದರೆ ಒಂದೊಂದು ಕಾರ್ಡಿನ ಆಕೃತಿಯೂ ಬೇರೆ. ಕೈ ಎತ್ತಲು ಸಂಕೋಚಪಡುವ ಮಗುವಿಗೂ ಇದರಿಂದ ಉತ್ತರಿಸುವ ಧೈರ್ಯ ಬರುತ್ತದೆ. ಉಚಿತ ಖಾತೆಗೆ ಕೆಲವು ಮಿತಿಗಳಿವೆ.

ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಸಿದ್ಧಪಡಿಸಿರೆಂದು ಸಲಹೆ ನೀಡುತ್ತೇವೆ. ಹಳೆಯ ಫಾಂಟುಗಳಲ್ಲಿ ಬರೆದದ್ದು, ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದಾಗ ಓದಲಾಗದ ಚಿಹ್ನೆಗಳಾಗಿಬಿಡುತ್ತದೆ.

ಮರೆಯಬಾರದ ಎರಡು ಮಾತು

ಮೊದಲನೆಯದು, ಸಾಧನವಿಲ್ಲದ ಮಗುವನ್ನು ಕುರಿತದ್ದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ ಕಾರ್ಯಕ್ರಮದಡಿ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾಧಾರಣ ಮೊಬೈಲ್ ಇರುವವರು, ಯಾವುದೂ ಇಲ್ಲದವರು ಎಂದು ವಿಂಗಡಿಸಬೇಕಾಯಿತು. ಮರದ ನೆರಳಿನಲ್ಲಿ, ಗುಡಿಯ ಜಗಲಿಯಲ್ಲಿ ನಡೆದ ಪಾಠಗಳೇ ಮೂರನೆಯ ಗುಂಪಿನ ಮಕ್ಕಳನ್ನು ಅಕ್ಷರದೊಡನೆ ಉಳಿಸಿದವು. ಮನೆಗೆಲಸವನ್ನು ಮೊಬೈಲಿಗೆ ಮಾತ್ರ ಕಳುಹಿಸುವ ಅಭ್ಯಾಸ ಇಂದಿಗೂ ಕೆಲವೆಡೆ ಇದೆ. ತಂದೆಯೊಡನೆ ಮೊಬೈಲೂ ಕೂಲಿಗೆ ಹೋಗುವ ಮನೆಯ ಮಗು ಮರುದಿನ ತಲೆ ತಗ್ಗಿಸಿ ನಿಲ್ಲುವಂತಾದರೆ, ಆ ಸಾಧನ ಎಷ್ಟೇ ಉಚಿತವಾಗಿದ್ದರೂ ಅದರ ಬೆಲೆಯನ್ನು ಆ ಮಗು ತೆತ್ತಂತೆಯೇ ಸರಿ.

ಎರಡನೆಯದು, ಮಕ್ಕಳ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಅಗತ್ಯವೆನ್ನುತ್ತದೆ. ಮಕ್ಕಳ ಪೂರ್ಣ ಹೆಸರು, ಭಾವಚಿತ್ರ, ದೂರವಾಣಿ ಸಂಖ್ಯೆಗಳನ್ನು ಆ್ಯಪ್‌ಗಳಿಗೆ ತುಂಬದೆ, ಹಾಜರಿ ಸಂಖ್ಯೆಯನ್ನಷ್ಟೇ ಬಳಸುವುದು ಸುರಕ್ಷಿತ.

ಪಡೆದುದನ್ನು ಮರಳಿಸುವುದು

ಇಲ್ಲಿ ಹೇಳಿದವುಗಳಲ್ಲಿ ಕೆಲವು ಕೇವಲ ಉಚಿತ; ಕೆಲವು ಮುಕ್ತವೂ ಹೌದು. ಸ್ಟೋರಿವೀವರ್‌ನ ಕಥೆಯನ್ನು ಯಾರಾದರೂ ಅನುವಾದಿಸಬಹುದು, ಫೆಟ್ ಪ್ರಯೋಗವನ್ನು ಕನ್ನಡಕ್ಕೆ ತರಬಹುದು, ಕನ್ನಡ ವಿಕಿಪೀಡಿಯಕ್ಕೆ ತಮ್ಮೂರಿನ ಕೆರೆಯ ಕುರಿತು ಬರೆಯಬಹುದು. ದಾಸೋಹದಲ್ಲಿ ಉಂಡವನು ಇನ್ನೊಂದು ದಿನ ಬಡಿಸಲು ನಿಲ್ಲುವುದು ನಮ್ಮ ಮಠಗಳಲ್ಲಿ ರೂಢಿ. ಅಕ್ಷರದ ದಾಸೋಹಕ್ಕೂ ಅದೇ ರೀತಿ ಅನ್ವಯಿಸುತ್ತದೆ.

ಗುರುಬಂಧುಗಳು ಈ ತಿಂಗಳು ಎಲ್ಲವನ್ನೂ ಒಮ್ಮೆಗೇ ಹಿಡಿಯದೆ, ಒಂದೇ ಸಾಧನವನ್ನು ಒಂದೇ ಪಾಠಕ್ಕೆ ಬಳಸಿ ನೋಡಲಿ. ಮಕ್ಕಳಿಗೆ ತಿಳಿಯಿತೇ ಎಂಬುದನ್ನು ಮಕ್ಕಳಿಂದಲೇ ಕೇಳಿಕೊಳ್ಳಲಿ ಎಂದು ವಿನಂತಿಸುತ್ತೇವೆ.