ಕುಡಿದ ಕೂಡಲೇ ಮುಖ ಕೆಂಪಾಗುತ್ತಾ? ಮಾತ್ರೆ ನುಂಗುವ ಮುಂಚೆ ಇಷ್ಟು ತಿಳಿದಿರಲಿ

ಒಂದು ಪೆಗ್ ಒಳಗೆ ಹೋದದ್ದೇ ತಡ, ಕೆಲವರಿಗೆ ಮುಖ, ಕಿವಿ, ಕತ್ತು ಬಿಸಿಯಾಗಿ ಕೆಂಪೇರುತ್ತೆ. ಎದೆ ಡವಡವ ಅನ್ನುತ್ತೆ, ತಲೆನೋವು, ವಾಕರಿಕೆ ಶುರುವಾಗುತ್ತೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದೇ ಇರಬಹುದು. ಆದರೆ ಕಿವಿ ಕಾಯೋದು, ಕಣ್ಣು ಕೆಂಪಾಗೋದು, ಎದೆಬಡಿತ ಜೋರಾಗೋದು ಗೊತ್ತಾಗುತ್ತೆ. ಇದಕ್ಕೆ ‘ಆಲ್ಕೋಹಾಲ್ ಫ್ಲಶ್’ ಅಂತಾರೆ. ಇದನ್ನು ತಡೆಯುತ್ತೆ ಅಂತ ಹೇಳಿಕೊಂಡು ಆನ್‌ಲೈನ್‌ನಲ್ಲಿ ಕ್ಯಾಪ್ಸೂಲ್, ಪುಡಿ, ನೀರಲ್ಲಿ ಕರಗಿಸುವ ಮಾತ್ರೆ ಎಲ್ಲಾ ಸಿಗುತ್ತವೆ. ಅವುಗಳಲ್ಲಿ ಏನಿದೆ, ಎಷ್ಟು ಕೆಲಸ ಮಾಡುತ್ತೆ, ಯಾವುದರಿಂದ ಅಪಾಯ ಅನ್ನೋ ಮಾಹಿತಿ ಇಲ್ಲಿದೆ.

ಮೈಯೊಳಗೆ ಏನಾಗುತ್ತೆ?

ಕುಡಿದ ಮದ್ಯವನ್ನು ಲಿವರ್ ಎರಡು ಹಂತದಲ್ಲಿ ಕರಗಿಸುತ್ತೆ. ಮೊದಲ ಹಂತದಲ್ಲಿ ಅದು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗುತ್ತೆ. ಎರಡನೇ ಹಂತದಲ್ಲಿ ‘ಎಎಲ್‌ಡಿಎಚ್2’ ಎಂಬ ಕಿಣ್ವ ಅದನ್ನು ನಿರಪಾಯಕಾರಿ ಅಸಿಟೇಟ್ ಆಗಿ ಬದಲಿಸುತ್ತೆ. ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿದ್ದವರಲ್ಲಿ ಅಸಿಟಾಲ್ಡಿಹೈಡ್ ರಕ್ತದಲ್ಲೇ ಉಳಿದು, ರಕ್ತನಾಳ ಹಿಗ್ಗಿ ಮುಖ ಕೆಂಪಾಗುತ್ತೆ.

ಚೀನಾ, ಜಪಾನ್, ಕೊರಿಯಾ, ತೈವಾನ್ ಕಡೆಯ ಜನರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಈ ದೌರ್ಬಲ್ಯ ಇದೆ. ಅದಕ್ಕೇ ಇದಕ್ಕೆ ‘ಏಷ್ಯನ್ ಫ್ಲಶ್’ ಅನ್ನೋ ಹೆಸರೂ ಬಂದಿದೆ. ದಕ್ಷಿಣ ಭಾರತದವರಲ್ಲಿ ಈ ಜೀನ್ ಅಪರೂಪ.

ಇದು ಬರೀ ಮುಖದ ಬಣ್ಣದ ವಿಚಾರ ಅಲ್ಲ. ಮದ್ಯಸೇವನೆಯಿಂದ ಬರುವ ಅಸಿಟಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲೇ ಪಟ್ಟಿ ಮಾಡಿದೆ. ಕಿಣ್ವ ದುರ್ಬಲ ಇದ್ದೂ ಕುಡಿಯುತ್ತಾ ಹೋಗುವವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯ ಬೇರೆಯವರಿಗಿಂತ ಜಾಸ್ತಿ.

ಯಾವ ಸಪ್ಲಿಮೆಂಟ್ ಏನು ಮಾಡುತ್ತೆ?

* ಎನ್‌ಎಸಿ, ಎಲ್-ಸಿಸ್ಟೀನ್: ಎನ್‌ಎಸಿ ಆಸ್ಪತ್ರೆಯಲ್ಲಿ ಪ್ಯಾರಾಸಿಟಮಾಲ್ ಅತಿಯಾದಾಗ ಕೊಡುವ ಪ್ರತಿವಿಷ. ಸಿಸ್ಟೀನ್ ಅಸಿಟಾಲ್ಡಿಹೈಡನ್ನು ಹಿಡಿದಿಡುತ್ತೆ ಅನ್ನೋದು ನಿಜ. ಆದರೆ ನಿಧಾನವಾಗಿ ಕರಗುವ ಸಿಸ್ಟೀನ್ ಮಾತ್ರೆಯ ಪರಿಣಾಮ ಕಂಡಿರುವುದು ಬಾಯಿ, ಹೊಟ್ಟೆಯಲ್ಲಿ. ರಕ್ತದಲ್ಲಿ ಉಳಿದದ್ದನ್ನು ಅದು ತೆಗೆಯುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ.
* ಡಿಎಚ್‌ಎಂ: ಜಪಾನಿ ರೈಸಿನ್ ಎಂಬ ಮರದಿಂದ ಸಿಗುವ ವಸ್ತು. 2012ರಲ್ಲಿ ಅಮೆರಿಕದಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದ ನಂತರ ಹೆಸರು ಮಾಡಿತು. ಇಲಿಗೆ ಆದದ್ದು ಮನುಷ್ಯನಿಗೂ ಆಗುತ್ತೆ ಅಂತ ಹೇಳೋಕಾಗಲ್ಲ.
* ಗ್ಲುಟಾಥಿಯೋನ್, ವಿಟಮಿನ್ ಸಿ, ಬಿ1: ಕೊರತೆ ಇದ್ದವರಿಗೆ ವಿಟಮಿನ್ ಬೇಕೇ ಬೇಕು. ಆದರೆ ಹುಟ್ಟಿನಿಂದ ಬಂದ ಕಿಣ್ವದ ದೋಷವನ್ನು ಇವು ಸರಿಮಾಡಲ್ಲ.
* ನಯಾಸಿನ್ (ಬಿ3): ಇದರ ಕಥೆ ಉಲ್ಟಾ. ಹೆಚ್ಚು ಪ್ರಮಾಣದಲ್ಲಿ ತಗೊಂಡರೆ ಮದ್ಯ ಮುಟ್ಟದಿದ್ದರೂ ಮುಖ ಕೆಂಪಾಗಿ ಉರಿಯುತ್ತೆ. ಡಬ್ಬಿಯ ಹಿಂದೆ ಪ್ರಮಾಣ ನೋಡಿಕೊಳ್ಳಿ.

ಗ್ಯಾಸ್ ಮಾತ್ರೆ ನುಂಗಿ ಕುಡಿಯೋದು

ಫ್ಯಾಮೋಟಿಡಿನ್, ರಾನಿಟಿಡಿನ್‌ನಂಥ ಅಸಿಡಿಟಿ ಮಾತ್ರೆ, ಅಲರ್ಜಿ ಮಾತ್ರೆ ಮೊದಲೇ ನುಂಗಿ ಕುಡಿಯಲು ಕೂರುವವರಿದ್ದಾರೆ. ಇವುಗಳಿಂದ ಕೆಂಪು ಕಮ್ಮಿ ಆಗಬಹುದು. ಆದರೆ ವಿಷ ಒಂದು ಹನಿಯೂ ಕಮ್ಮಿ ಆಗಲ್ಲ. ಗಂಟೆ ಬಾರಿಸಬಾರದು ಅಂತ ಅದರ ನಾಲಿಗೆಗೆ ಬಟ್ಟೆ ಸುತ್ತಿದ ಹಾಗೆ ಇದು. ಸಾಕು ಅಂತ ಮೈ ಹೇಳೋದು ಕೇಳಿಸದೆ, ಎರಡು ಪೆಗ್‌ಗೆ ನಿಲ್ಲಿಸುತ್ತಿದ್ದವರು ನಾಲ್ಕಕ್ಕೆ ಹೋಗ್ತಾರೆ. ಅಸಲಿ ಅಪಾಯ ಇರೋದೇ ಇಲ್ಲಿ. ಜೊತೆಗೆ, ನಿದ್ದೆ ತರಿಸುವ ಅಲರ್ಜಿ ಮಾತ್ರೆ ಮದ್ಯದ ಜೊತೆ ಸೇರಿದರೆ ಮಂಪರು ಹೆಚ್ಚಿ, ಗಾಡಿ ಓಡಿಸೋರಿಗೆ ಪ್ರಾಣಕ್ಕೇ ಕುತ್ತು.

ನಮ್ಮ ಕಡೆ ಕಾರಣ ಬೇರೆ ಇರಬಹುದು

ಈ ಜೀನ್ ನಮ್ಮಲ್ಲಿ ಅಪರೂಪ ಆದ್ದರಿಂದ, ಇಷ್ಟು ದಿನ ಇಲ್ಲದ ಕೆಂಪು ಈಗ ಹೊಸದಾಗಿ ಬಂದಿದ್ದರೆ, ಮೊದಲು ನೀವು ತಗೊಳ್ಳುತ್ತಿರುವ ಔಷಧಿ ನೋಡಿ. ಬೇಧಿಗೆ, ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಟಿನಿಡಜೋಲ್, ಹುಳುಕಡ್ಡಿಗೆ ಕೊಡುವ ಗ್ರಿಸಿಯೋಫಲ್ವಿನ್, ಆಸ್ಪತ್ರೆಯಲ್ಲಿ ಹಾಕುವ ಸೆಫೊಪೆರಜೋನ್ ಇಂಜೆಕ್ಷನ್ ಇವುಗಳ ಜೊತೆ ಮದ್ಯ ಬೇಡ ಅನ್ನೋ ಎಚ್ಚರಿಕೆ ಇದೆ. ಮೆಟ್ರೊನಿಡಜೋಲ್, ಟಿನಿಡಜೋಲ್ ಕೋರ್ಸ್ ಮುಗಿದ ಮೇಲೂ 3 ದಿನ ಕುಡಿಯಬಾರದು. ರೊಸೇಷಿಯಾ ಎಂಬ ಚರ್ಮದ ತೊಂದರೆ ಇದ್ದವರಿಗೂ, ವೈನ್‌ನಲ್ಲಿರುವ ಕೆಲವು ಅಂಶಗಳು ಆಗದವರಿಗೂ ಹೀಗಾಗುತ್ತೆ.

ಊಟದಲ್ಲಿ ಗುಟ್ಟಾಗಿ ಬೆರೆಸಬೇಡಿ

ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆ, ಅದೇ ಕಿಣ್ವವನ್ನು ಬೇಕಂತಲೇ ತಡೆಯುತ್ತೆ. ಡೆನ್ಮಾರ್ಕ್‌ನ ಸಂಶೋಧಕರು 1948ರಲ್ಲಿ ಈ ಪರಿಣಾಮವನ್ನು ಪ್ರಕಟಿಸಿದರು. ಮಾತ್ರೆ ತಗೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ 2 ವಾರದವರೆಗೆ ಪರಿಣಾಮ ಇರುತ್ತೆ.

ಮನೆಯಲ್ಲಿ ಬೇಸತ್ತ ಹೆಂಡತಿ, ತಾಯಿ ಇದನ್ನು ಸಾರಿಗೋ ಕಾಫಿಗೋ ಗುಟ್ಟಾಗಿ ಬೆರೆಸುವುದುಂಟು. ಅವರ ಸಂಕಟ ದೊಡ್ಡದು, ಆದರೆ ದಾರಿ ಇದಲ್ಲ. ಕುಡಿಯುವವರಿಗೆ ಗೊತ್ತಿಲ್ಲದೆ ಈ ಮಾತ್ರೆ ಕೊಡಲೇಬಾರದು ಅನ್ನೋದು ಔಷಧಿಯ ಮೇಲಿನ ಎಚ್ಚರಿಕೆಯಲ್ಲೇ ಇದೆ. ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆ ಕಳೆದ ಮೇಲೆ, ಅವರ ಒಪ್ಪಿಗೆ ಪಡೆದು, ವೈದ್ಯರ ಕಣ್ಗಾವಲಿನಲ್ಲಿ ಶುರುಮಾಡುವ ಔಷಧಿ ಇದು. ಹೆಸರಿಲ್ಲದ ‘ಕುಡಿತ ಬಿಡಿಸುವ ಪುಡಿ’ಯಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗಲ್ಲ. ಅದನ್ನು ಕೊಳ್ಳಲೇಬೇಡಿ.

ಅಂಗಡಿಯವರ ಗಮನಕ್ಕೆ

ಸಪ್ಲಿಮೆಂಟ್ ಕಾನೂನಿನ ಪ್ರಕಾರ ಆಹಾರ, ಔಷಧಿ ಅಲ್ಲ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಮತ್ತು ‘ಔಷಧೀಯ ಬಳಕೆಗಲ್ಲ’ ಎಂಬ ಸೂಚನೆ ಇರಬೇಕು. ರೋಗ ವಾಸಿ ಮಾಡುತ್ತೆ ಅಂತ ಹೇಳಿ ಇವನ್ನು ಮಾರುವಂತಿಲ್ಲ. ಡೈಸಲ್ಫಿರಾಮ್ ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಮೆಟ್ರೊನಿಡಜೋಲ್ ಕೊಡುವಾಗ ‘ಎಣ್ಣೆ ಹಾಕಬೇಡಿ ಅಣ್ಣಾ’ ಅನ್ನೋ ಒಂದು ಮಾತು ಗಿರಾಕಿಯ ಜೀವ ಕಾಯಬಹುದು.

ಹಾಗಾದ್ರೆ ಏನು ಮಾಡಬೇಕು?

* ಮುಖ ಕೆಂಪಾಗುತ್ತಾ? ಅಲ್ಲಿಗೇ ಗ್ಲಾಸ್ ಕೆಳಗಿಡಿ, ನೀರು ಕುಡಿಯಿರಿ. ಪ್ರತಿ ಸಲ ಹೀಗಾದರೆ ಕುಡಿಯದೇ ಇರೋದೇ ಮದ್ದು.
* ಕುಡಿದ ತಲೆನೋವಿಗೆ ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗಬೇಡಿ, ಲಿವರ್‌ಗೆ ಪೆಟ್ಟು. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು.
* ಎದೆನೋವು, ಉಸಿರಾಟದ ತೊಂದರೆ, ತುಟಿ-ಗಂಟಲು ಊತ, ಎಚ್ಚರ ತಪ್ಪುವುದು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ತಗೊಂಡ ಮಾತ್ರೆಯ ಹಾಳೆಯನ್ನೂ ಆಸ್ಪತ್ರೆಗೆ ಒಯ್ಯಿರಿ.
* ಕುಡಿತ ಬಿಡಬೇಕು ಅನ್ನೋರು, ಅವರ ಮನೆಯವರು ಉಚಿತ ಸಹಾಯವಾಣಿ 14446 ಅಥವಾ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವ್ಯಸನ ಚಿಕಿತ್ಸಾ ವಿಭಾಗ ಇದೆ.
* ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ವೈದ್ಯರನ್ನು ಕೇಳಿಯೇ ನಿಲ್ಲಿಸಿ.