ಸತ್ತವರೂ ರಿಂಗಿಗಿಳಿದ ಗೇಮ್: 'ಡಬ್ಲ್ಯೂಡಬ್ಲ್ಯೂಇ ಆಲ್ ಸ್ಟಾರ್ಸ್' ಕಥೆ

ರೆಸ್ಲಿಂಗ್ ಟ್ರಂಪ್ ಕಾರ್ಡ್ ನೆನಪಿದೆಯಾ? ಎತ್ತರ, ತೂಕ, ರ‍್ಯಾಂಕ್ ಹೇಳಿ ಎದುರಿನವನ ಕಾರ್ಡ್ ಕಿತ್ಕೊಳ್ತಿದ್ವಲ್ಲ, ಅದೇ. ಅವತ್ತು ಮುಗಿಯದ ಜಗಳ ಅಂದ್ರೆ ಒಂದೇ: ಹಳಬ ಮತ್ತು ಹೊಸಬ ಎದುರುಬದುರಾದ್ರೆ ಯಾರು ಗೆಲ್ತಾರೆ? ಇದೇ ಪ್ರಶ್ನೆ ಇಟ್ಕೊಂಡು 2011ರ ಮಾರ್ಚ್ 29ರಂದು ಅಮೆರಿಕದಲ್ಲಿ ಒಂದು ಗೇಮ್ ಬಿಡುಗಡೆ ಆಯ್ತು. ಹೆಸರು 'ಡಬ್ಲ್ಯೂಡಬ್ಲ್ಯೂಇ ಆಲ್ ಸ್ಟಾರ್ಸ್'.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ. 1995ರಲ್ಲಿ ಮಿಡ್‌ವೇ ಕಂಪನಿ 'ರೆಸಲ್‌ಮೇನಿಯಾ: ದಿ ಆರ್ಕೇಡ್ ಗೇಮ್' ತಂದಿತ್ತು. ಅದರಲ್ಲಿದ್ದದ್ದು ಎಂಟೇ ಜನ. ಅಂಡರ್‌ಟೇಕರ್ ಗೋರಿಕಲ್ಲು ತೆಗೆದು ಹೊಡೀತಿದ್ದ! ಮುಂದೆ 2009ರಲ್ಲಿ ಮಿಡ್‌ವೇ ದಿವಾಳಿ ಆಯ್ತು. ಅದರ ಸ್ಯಾನ್ ಡಿಯಾಗೊ ಸ್ಟುಡಿಯೊ ಟಿಎಚ್‌ಕ್ಯೂ ಕಂಪನಿಯ ಕೈಸೇರಿತು. 'ಆಲ್ ಸ್ಟಾರ್ಸ್' ಮಾಡಿದ್ದು ಅದೇ ಸ್ಟುಡಿಯೊ.

ಟಿಎಚ್‌ಕ್ಯೂ ಹತ್ತಿರ ಆಗಲೇ 'ಸ್ಮ್ಯಾಕ್‌ಡೌನ್ ವರ್ಸಸ್ ರಾ' ಸರಣಿ ಇತ್ತು. ಅದು ಟಿವಿಯಲ್ಲಿ ಕಂಡ ಹಾಗೇ ಇರಬೇಕು ಅನ್ನೋ ಗೇಮ್. 'ಆಲ್ ಸ್ಟಾರ್ಸ್' ಅದಕ್ಕೆ ತದ್ವಿರುದ್ಧ. ಭುಜಗಳು ಬಂಡೆ ಥರ, ಎದುರಾಳಿಯನ್ನ ಹಿಡಿದು ಹತ್ತಾಳೆತ್ತರಕ್ಕೆ ಹಾರಿ ನೆಲಕ್ಕೆ ಅಪ್ಪಳಿಸೋದು. "ಇದೇನ್ ಗುರು, ಪೂರ್ತಿ ಓವರ್ ಆಯ್ತು" ಅನಿಸಬಹುದು. ನನಗೆ ಹಾಗನ್ಸಲ್ಲ. ಬಯಲಾಟದಲ್ಲಿ ದುರ್ಯೋಧನ ಕೊನೆಗೆ ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತು, ಆದ್ರೂ ಬೆಳಗಿನವರೆಗೆ ಕೂತು ನೋಡ್ತೀವಿ. ಕಿರೀಟ ದೊಡ್ಡದು, ಮೀಸೆ ದೊಡ್ಡದು, ಕೂಗು ದೊಡ್ಡದು. ಪ್ರೊ ರೆಸ್ಲಿಂಗ್ ಕೂಡ ಅಂಥದ್ದೇ ಆಟ. ಅದನ್ನ ದೊಡ್ಡದು ಮಾಡಿ ತೋರಿಸೋದು ಸುಳ್ಳಲ್ಲ, ಅದರ ಸ್ವಭಾವವೇ ಅದು.

ಈಗ ವಿಮರ್ಶೆಗೆ ಬರೋಣ. ಬಂದಾಗ ಒಟ್ಟಾರೆ ಒಳ್ಳೆ ಮಾತೇ ಕೇಳಿಬಂತು. ಆಟದ ವೇಗ, ಕಲಿಯೋಕೆ ಸುಲಭ ಅನ್ನೋದು ಹಲವರಿಗೆ ಹಿಡಿಸ್ತು. ಆದರೆ ಮೋಡ್‌ಗಳು ಕಡಿಮೆ, ಬೇಗ ಬೇಜಾರಾಗುತ್ತೆ ಅನ್ನೋ ದೂರೂ ಇತ್ತು. ಆ ದೂರು ನ್ಯಾಯವೇ. ಇನ್ನೊಂದು ಕೊರತೆ ನಾನೇ ಸೇರಿಸ್ತೀನಿ: ಆಟಗಾರರ ಪಟ್ಟಿಯಲ್ಲಿ ಒಬ್ಬ ಮಹಿಳಾ ರೆಸ್ಲರ್ ಕೂಡ ಇರಲಿಲ್ಲ.

ಎಲ್ಲರೂ ಮೆಚ್ಚಿದ್ದು 'ಫ್ಯಾಂಟಸಿ ವಾರ್‌ಫೇರ್' ಅನ್ನೋ ಮೋಡ್. ಒಬ್ಬ ಹಳಬ, ಒಬ್ಬ ಹೊಸಬ. ಪಂದ್ಯಕ್ಕೆ ಮೊದಲು ಹಳೇ ದೃಶ್ಯ, ಹಳೇ ಮಾತುಗಳನ್ನ ಜೋಡಿಸಿದ ಒಂದು ವಿಡಿಯೊ. ಆಂಡ್ರೆ ದಿ ಜೈಂಟ್ ಎದುರು ಬಿಗ್ ಶೋ. ಆಂಡ್ರೆ ತೀರಿಕೊಂಡಿದ್ದು 1993ರಲ್ಲಿ, ಬಿಗ್ ಶೋ ದೊಡ್ಡ ವೇದಿಕೆಗೆ ಬಂದಿದ್ದು 1995ರಲ್ಲಿ. ಎಡ್ಡಿ ಗೆರೆರೊ ಎದುರು ಅವರ ಆಪ್ತ ಗೆಳೆಯ ರೇ ಮಿಸ್ಟೀರಿಯೊ. ಎಡ್ಡಿ 2005ರಲ್ಲೇ ಹೋಗಿಬಿಟ್ಟಿದ್ರು. ಇವತ್ತಿಗೂ ಆ ವಿಡಿಯೊ ಹಾಕಿದ್ರೆ ನಾನು ಸುಮ್ಮನಾಗ್ತೀನಿ.

ನಾನು ಇದನ್ನ ಆಡಿದ್ದು ನಮ್ಮೂರಿನ ಗೇಮಿಂಗ್ ಪಾರ್ಲರ್‌ನಲ್ಲಿ, ಪಿಎಸ್2ನಲ್ಲಿ. ಹೈಸ್ಕೂಲ್ ಹುಡುಗ, ಜೇಬಲ್ಲಿ ಒಂದು ಗಂಟೆಗಾಗೋವಷ್ಟು ದುಡ್ಡು. ಬಣ್ಣದ ಕನ್ನಡಕ, ಕೌಬಾಯ್ ಟೋಪಿ ಹಾಕಿದ ಒಬ್ಬನ್ನ ನೋಡಿ "ಯಾರಣ್ಣ ಇದು ಜೋಕರ್?" ಅಂತ ಕೇಳಿದ್ದೆ. ಪಾರ್ಲರ್ ಅಣ್ಣ ನಕ್ಕು, "ಮಾಚೋ ಮ್ಯಾನ್ ಕಣೋ, ತಗೊಂಡು ಆಡು" ಅಂದ. ಆಡಿದೆ, ಗೆದ್ದೆ, ಆಮೇಲೆ ಅವನನ್ನ ಬಿಟ್ಟು ಬೇರೆಯವರನ್ನ ತಗೊಳ್ಳಲೇ ಇಲ್ಲ.

ಎಷ್ಟೋ ವರ್ಷ ಆದ್ಮೇಲೆ ಓದಿ ತಿಳಿದುಕೊಂಡೆ. ರ‍್ಯಾಂಡಿ ಸ್ಯಾವೇಜ್ ಬಹಳ ಕಾಲ ಡಬ್ಲ್ಯೂಡಬ್ಲ್ಯೂಇಯಿಂದ ದೂರವೇ ಉಳಿದಿದ್ದರು. ಈ ಗೇಮ್ ಅವರನ್ನ ಮತ್ತೆ ಆ ರಿಂಗಿಗೆ ಕರೆತಂದಿತ್ತು. ಗೇಮ್ ಬಂದು ಎರಡು ತಿಂಗಳೂ ಆಗಿರಲಿಲ್ಲ, ಮೇ 20ರಂದು ಫ್ಲಾರಿಡಾದಲ್ಲಿ ಕಾರು ಓಡಿಸುತ್ತಿದ್ದಾಗಲೇ ತೀರಿಕೊಂಡರು. ವಯಸ್ಸು 58. ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2015ರಲ್ಲಿ. ನಾನು ಜೋಕರ್ ಅಂದಿದ್ದು ಇವರಿಗೇ.

ಕೊನೆಗೆ ನನ್ನ ಬಿಕಾಂ ಬುದ್ಧಿ ಒಂದು ಮಾತು ಹೇಳುತ್ತೆ. ಟಿಎಚ್‌ಕ್ಯೂ ಮುಳುಗೋಕೆ ದೊಡ್ಡ ಕಾರಣ ಈ ಗೇಮ್ ಅಲ್ಲ, 'ಯುಡ್ರಾ' ಅನ್ನೋ ಚಿತ್ರ ಬಿಡಿಸೋ ಟ್ಯಾಬ್ಲೆಟ್. ವೀ ಕನ್ಸೋಲ್‌ನಲ್ಲಿ ಓಡಿತ್ತು ಅಂತ 2011ರ ಕೊನೆಗೆ ಬೇರೆ ಕನ್ಸೋಲ್‌ಗಳಿಗೂ ರಾಶಿ ರಾಶಿ ಮಾಡಿಸಿದ್ರು. ಮಾರಾಟ ಆಗ್ಲಿಲ್ಲ, ಗೋದಾಮಲ್ಲೇ ಉಳೀತು. 2012ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. ರೆಸ್ಲಿಂಗ್ ಗೇಮ್‌ನ ಲೈಸೆನ್ಸ್ ಟೇಕ್-ಟೂ ಕೈಗೆ ಹೋಯ್ತು. 2020ರಲ್ಲಿ '2ಕೆ ಬ್ಯಾಟಲ್‌ಗ್ರೌಂಡ್ಸ್' ಅನ್ನೋ ಆರ್ಕೇಡ್ ಗೇಮ್ ಬಂತು. ಅದಕ್ಕೆ ಸಿಕ್ಕಿದ್ದು ಮಿಶ್ರ ಅಭಿಪ್ರಾಯ.

ಕಂಪನಿಯ ಲೆಕ್ಕದ ಪುಸ್ತಕದಲ್ಲಿ 'ಆಲ್ ಸ್ಟಾರ್ಸ್' ಒಂದು ಸಾಲು ಅಷ್ಟೇ. ಆದರೆ ನನ್ನಂಥ ಹುಡುಗನಿಗೆ, ತಾನು ಹುಟ್ಟೋಕೆ ಮುಂಚೆ ಹೋದವರ ಹೆಸರು, ನಡಿಗೆ, ಗತ್ತು ಕಲಿಸಿದ್ದು ಅದೇ. ನೀವು ಗೇಮ್ ಆಡ್ತಾ ಪರಿಚಯ ಮಾಡ್ಕೊಂಡ ಹಳೇ ಹೀರೊ ಯಾರು? ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.