ಮಳೆಗೆ ಮುಂಚಿನ ಕೊನೆಯ ಪಂದ್ಯ

ಹತ್ತನಾವಧಿಯೆಂದರೆ ಏನೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಕೇಳುಗರಿಗಾಗಿ ಒಂದು ಮಾತು. ತುಳುವರು ಪತ್ತನಾಜೆಯೆಂದು ಕರೆಯುವ ಈ ದಿನ ಬೇಶ ತಿಂಗಳ ಹತ್ತನೆಯದು. ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ ನೇಮಗಳು ನಿಲ್ಲುತ್ತವೆ. ನಮ್ಮ ಬಾಲ್ಯದಲ್ಲಿ ಈ ಸಾಲಿಗೆ ಸೇರುವ ಇನ್ನೊಂದು ಮುಕ್ತಾಯವೂ ಇತ್ತು. ಅದನ್ನು ಯಾವ ಪಂಚಾಂಗವೂ ನಮೂದಿಸಲಿಲ್ಲ. ಅದು ಊರ ಕ್ರಿಕೆಟ್ ಸಂಘದ ಆ ವರ್ಷದ ಕೊನೆಯ ಪಂದ್ಯ.

ಈ ಆಟ ಹುಟ್ಟಿದ ನಾಡಿನಲ್ಲಿ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಆಡುತ್ತಾರೆ. ನಮ್ಮಲ್ಲಿ ಆ ಅವಧಿಯ ಬಹುಭಾಗವೆಲ್ಲ ನೀರು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುವ ನಾಡು ಇದು. ಕಾಪುವಿನ ದಕ್ಷಿಣಕ್ಕಿರುವ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿ ಕುಂದರನ್ ಅವರನ್ನು ಹಿರಿಯರು ಮರೆತಿರಲಾರರು; 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನೆದುರು 192 ರನ್ ಹೊಡೆದ ವಿಕೆಟ್ ಕೀಪರ್ ಅವರು. ಮುಂದೆ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿಯ ಡ್ರಂಪೆಲಿಯರ್ ಸಂಘಕ್ಕೆ ಆಡಿ, ಆ ದೇಶದಲ್ಲಿಯೇ ನೆಲಸಿ, 2006ರಲ್ಲಿ ತೀರಿಕೊಂಡರು. ಅವರು ಅಲ್ಲಿ ವರ್ಷದ ಆಟಕ್ಕೆ ಬ್ಯಾಟು ಹಿಡಿಯುತ್ತಿದ್ದ ಹೊತ್ತಿಗೆ ಅವರ ಹುಟ್ಟೂರಿನ ಸುತ್ತ ನಾವು ಮ್ಯಾಟು ಸುತ್ತುತ್ತಿದ್ದೆವು.

ಆಡುವುದಾದರೂ ಎಲ್ಲಿ? ಉಡುಪಿಯಲ್ಲಿ ಅಜ್ಜರಕಾಡು ಇತ್ತು. 1934ರಲ್ಲಿ ಗಾಂಧೀಜಿ ಬಂದು ಮಾತನಾಡಿದ ಬಯಲು. ಮಣಿಪಾಲದ ಗುಡ್ಡದ ಮೇಲೆ ಕಾಲೇಜುಗಳು ಎದ್ದುವಾದರೂ ಅಲ್ಲಿಯ ನೆಲ ಮುರಕಲ್ಲಿನದು. ಹೊಸ ಚೆಂಡು ನಾಲ್ಕು ಸಲ ಉರುಳಿದರೆ ಅದರ ಚರ್ಮ ಕಿತ್ತುಬರುತ್ತಿತ್ತು. ಕಾಪುವಿನ ದೀಪಸ್ತಂಭದ ಕಡೆ ಹೋದರೆ ಮರಳು. ಹಾಗಾಗಿ ಸಣ್ಣ ಸಂಘಗಳಿಗೆ ಉಳಿದದ್ದು ಗದ್ದೆಯೊಂದೇ. ಗದ್ದೆಗಳಲ್ಲಿಯೂ ಜಾತಿಯುಂಟು. ಮೂರು ಬೆಳೆಯ ಬೈಲು, ಎರಡು ಬೆಳೆಯ ಮಜಲು, ಮಳೆಗಾಲದ ಏಣೆಲು ಬೆಳೆಯೊಂದನ್ನೇ ಕೊಡುವ ಬೆಟ್ಟು. ರೈತನ ಕಣ್ಣಿಗೆ ಕನಿಷ್ಠವಾದ ಬೆಟ್ಟು ಗದ್ದೆಯೇ ನಮಗೆ ಶ್ರೇಷ್ಠ; ಕೊಯ್ಲು ಮುಗಿದ ಮೇಲೆ ಮುಂದಿನ ಮಳೆಯವರೆಗೆ ಅದು ಖಾಲಿ. ಕೂಳೆಗಳನ್ನು ತುಳಿದು ಮಟ್ಟಮಾಡಿ, ನಡುವೆ ಇಪ್ಪತ್ತೆರಡು ಗಜದ ಜಾಗವನ್ನು ನೀರು ಹಾಕಿ ಬಡಿದು ಗಟ್ಟಿಮಾಡಿ, ಅದರ ಮೇಲೆ ತೆಂಗಿನ ನಾರಿನ ಮ್ಯಾಟು ಹಾಸಿ ಅಂಚಿಗೆ ಮೊಳೆ ಹೊಡೆದರೆ ಕ್ರೀಡಾಂಗಣ ಸಿದ್ಧ. ನಾರಿನ ಮೇಲೆ ಬಿದ್ದ ಚೆಂಡು ಎದೆಯೆತ್ತರಕ್ಕೆ ಪುಟಿಯುತ್ತಿತ್ತು. ಚೆಂಡು ತಿರುಗಿಸುವವನಿಗೆ ಅದು ಕಾಮಧೇನು. ಪ್ರಸನ್ನ, ಚಂದ್ರಶೇಖರ್ ಅವರಂಥವರೂ ಮೊದಲು ಇಂಥ ಮ್ಯಾಟಿನ ಮೇಲೆ ಪಳಗಿದವರೇ ಎಂದು ನಮ್ಮ ಸಂಘದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಆ ಮೊಳೆಗಳ ವಿಷಯವನ್ನೇ ನಾನು ಹೇಳಹೊರಟದ್ದು. ಅರ್ಧ ಅಡಿಯ ನಲವತ್ತು ಕಬ್ಬಿಣದ ಮೊಳೆಗಳು ನಮ್ಮಲ್ಲಿದ್ದುವು. ವರ್ಷಾಂತ್ಯದಲ್ಲಿ ಅವನ್ನು ಕಿತ್ತು ಡಬ್ಬಿಗೆ ಹಾಕುವಾಗ ಎಷ್ಟು ಬಂದುವೆಂದು ಯಾರೂ ನೋಡುತ್ತಿರಲಿಲ್ಲ. ಕಡಮೆಯಾದರೆ ಮರುವರ್ಷ ಕಮ್ಮಾರನಿದ್ದಾನೆ. ಗದ್ದೆಗೆ ಅನುಮತಿ ಕೇಳುವ ಕ್ರಮವೂ ಸರಳವಾಗಿತ್ತು. ಕೊಯ್ಲಾದ ಮೇಲೆ ಸಂಘದ ನಾಲ್ವರು ಧಣಿಗಳ ಚಾವಡಿಗೆ ಹೋಗಿ ಕೈಮುಗಿದರೆ ಅವರು ತಲೆಯಾಡಿಸುತ್ತಿದ್ದರು. ಗದ್ದೆ ಉಳುವವನು ಚಾಲಗೇಣಿಯ ಒಕ್ಕಲು. ಅವನನ್ನು ಕೇಳಬೇಕೆಂಬ ಯೋಚನೆ ವಿದ್ಯಾವಂತರಾದ ಆ ನಾಲ್ವರಿಗೆ ಬರಲಿಲ್ಲ. 1972ರ ಜೂನಿನಲ್ಲಿ ಮೊದಲ ಉಳುಮೆಗೆ ಇಳಿದ ಅವನ ಜೋಡಿಯಲ್ಲಿ ಒಂದು ಎತ್ತಿನ ಗೊರಸಿಗೆ ನಮ್ಮ ಮೊಳೆಯೊಂದು ನೆಟ್ಟಿತು. ನಾಟಿಯ ಕಾಲವೆಲ್ಲ ಎತ್ತು ಕುಂಟಿತು. ಅವನು ಬಾಡಿಗೆಯ ಎತ್ತು ತಂದು ಉತ್ತ. ಸುದ್ದಿ ಸಂಘದವರೆಲ್ಲರಿಗೂ ತಿಳಿದಿತ್ತು. ಆದರೂ ಆ ವರ್ಷದ ಸಭೆಯ ನಡವಳಿಯಲ್ಲಿ ಹೊಸ ಕಾಲ್ಕವಚಗಳನ್ನು ಕೊಂಡ ಲೆಕ್ಕವಿದೆ, ಎತ್ತಿನ ಮಾತಿಲ್ಲ. ನಾನಾಗ ಚೆಂಡು ಹೆಕ್ಕುವ ಹುಡುಗ. ನನಗೂ ಅದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

1974ರ ಮಾರ್ಚ್ ತಿಂಗಳನ್ನು ಕ್ರಿಕೆಟ್ ಪ್ರಿಯರು ಬೇರೆ ಕಾರಣಕ್ಕೆ ನೆನೆಯುತ್ತಾರೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮೊದಲ ವರ್ಷವೇ, ಪ್ರಸನ್ನರ ನಾಯಕತ್ವದಲ್ಲಿ ನಮ್ಮ ತಂಡ, ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿಯನ್ನು ಇಟ್ಟುಕೊಂಡಿದ್ದ ಬೊಂಬಾಯಿಯನ್ನು ಬೆಂಗಳೂರಿನಲ್ಲಿ ಹಿಂದೆ ಹಾಕಿತು. ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು. ನಾವು ರೇಡಿಯೋದ ಸುತ್ತ ಕುಳಿತು ಕುಣಿದಾಡಿದೆವು. ಅದೇ ಮಾರ್ಚ್ ಒಂದರಿಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದಿತ್ತು. ಉಳುವವನೇ ಒಡೆಯನೆಂದು ಡಿಕ್ಲರೇಶನ್ ಕೊಡಲು ಒಕ್ಕಲುಗಳು ಹೊರಟಾಗ, ನಮ್ಮ ಜಿಲ್ಲೆಯಲ್ಲಿ ಎದ್ದ ಅಲೆ ನಮ್ಮ ಕುಣಿತಕ್ಕಿಂತ ಬಹಳ ದೊಡ್ಡದು. ಟ್ರಿಬ್ಯೂನಲಿನ ತೀರ್ಪು ಬರಲು ಕೆಲವು ವರ್ಷ ಹಿಡಿಯಿತು. ಬಂದಾಗ ಬೆಟ್ಟು ಗದ್ದೆ ಆ ಒಕ್ಕಲಿನದಾಯಿತು.

ಆ ವರ್ಷ ಕೊಯ್ಲಿನ ನಂತರ ನಮ್ಮ ನಾಯಕರು (ಅವರು ಹೈಸ್ಕೂಲಿನ ಮಾಸ್ತರರು) ಚಾವಡಿಯ ಬದಲು ಹುಲ್ಲುಮಾಡಿನ ಮನೆಗೆ ಹೋಗಬೇಕಾಯಿತು. ಜೊತೆಗೆ ನಾನೂ ಇದ್ದೆ. ತುಳುವಿನಲ್ಲಿ ಕಿರಿಯರಿಗೆ 'ಈ', ಮಾನ್ಯರಿಗೆ 'ಈರ್'. ಇಪ್ಪತ್ತು ವರ್ಷ 'ಈ' ಎಂದು ಕರೆದ ಬಾಯಿ ಅಂಗಳದಲ್ಲಿ ಒಂದು ಕ್ಷಣ ತಡವರಿಸಿ 'ಈರ್' ಎಂದಿತು. ಗದ್ದೆಯ ಒಡೆಯ ಅದನ್ನು ಗಮನಿಸಿದನೋ ಇಲ್ಲವೋ, ಬೆಲ್ಲ ನೀರು ತರಿಸಿದ.

"ಆಡಿ ಮಾಸ್ತರರೇ, ನನ್ನ ಮಗನೂ ಆಡುತ್ತಾನೆ. ಮೊಳೆ ಮಾತ್ರ ಲೆಕ್ಕ ಮಾಡಿ ತೆಗೆಯಿರಿ" ಎಂದ.

ಒಡೆಯನೆಂದು ಬರೆದು ಏಕವಚನದಲ್ಲಿ ಹೇಳುತ್ತಿದ್ದೇನಲ್ಲ! ಹಳೆಯ ಅಭ್ಯಾಸ, ಬಿಡಿಸಿಕೊಳ್ಳುವುದು ಕಷ್ಟ. ಅವರು ಎಂದೇ ಹೇಳುತ್ತೇನೆ.

ಕೊನೆಯ ಪಂದ್ಯ ಕಾರ್ಕಳದಿಂದ ಬಂದ ತಂಡದೊಡನೆ. ಮೇ ತಿಂಗಳಲ್ಲಿ ಘಟ್ಟದ ಮಗ್ಗುಲಿನ ಕಾರ್ಕಳಕ್ಕೆ ಸಂಜೆಯ ಗುಡುಗು ಮಳೆ ಮೊದಲು ತಾಗುತ್ತದೆ, ಕಡಲ ಬದಿಗೆ ತಡವಾಗಿ ಬರುತ್ತದೆ; ಅದಕ್ಕೇ ಕಡೆಯ ಆಟ ನಮ್ಮಲ್ಲಿ. ಅವರು ಬಸ್ಸಿನಿಂದ ಇಳಿದಾಗಲೇ ಅಂಗಿ ಒದ್ದೆಯಾಗಿತ್ತು. ನಾವು 112ಕ್ಕೆ ಮುಗಿದೆವು. ಸಂಜೆ ನಾಲ್ಕೂವರೆಗೆ ಅವರಿಗೆ ಗೆಲ್ಲಲು ಹತ್ತೊಂಬತ್ತು ರನ್ ಬೇಕಿತ್ತು, ಮೂರು ವಿಕೆಟ್ ಉಳಿದಿತ್ತು. ಲೆಕ್ಕ ಬರೆಯುತ್ತಿದ್ದ ನನ್ನ ಪುಸ್ತಕದ ಮೇಲೆ ಮೊದಲ ಹನಿ ಬಿತ್ತು. ಮೂಡಣದಲ್ಲಿ ಕತ್ತಲೆ ಕವಿದಿತ್ತು. ಇನ್ನು ಎರಡು ಓವರಾದರೂ ಆಡೋಣವೆಂದು ಕಾರ್ಕಳದವರು ಹಟಹಿಡಿದರು, ಅವರದು ನ್ಯಾಯವೇ. ನೆಲ ಕೆಸರಾದರೆ ಮೊಳೆ ಕಾಣುವುದಿಲ್ಲವೆಂದು ನಮ್ಮ ನಾಯಕರು ಆಟ ನಿಲ್ಲಿಸಿದರು. ಸೋಲಿಗೆ ಹೆದರಿದಿರಿ ಎಂಬ ಮಾತನ್ನು ಕೇಳಬೇಕಾಯಿತು. ಸ್ವಲ್ಪ ಹೊತ್ತು ಬಯ್ದುಕೊಂಡು, ಆಮೇಲೆ ಅವರೂ ಬಗ್ಗಿ ಹುಡುಕತೊಡಗಿದರು. ಬಿಳಿಯ ಷರಾಯಿ ತೊಟ್ಟ ಇಪ್ಪತ್ತೆರಡು ಮಂದಿ ಧಾರಾಕಾರ ಮಳೆಯಲ್ಲಿ ಕೈಯಿಂದ ನೆಲ ಸವರುತ್ತಿದ್ದರು. ಗದ್ದೆಯ ಒಡೆಯರು ತಲೆಯ ಮೇಲೆ ಗೊರಬು ಹೊತ್ತು ಅಂಚಿನಲ್ಲಿ ನಿಂತು ನೋಡುತ್ತಿದ್ದರು.

ಮೂವತ್ತೊಂಬತ್ತು ಸಿಕ್ಕಿತು.

ಕತ್ತಲಾಗುವವರೆಗೆ ಹುಡುಕಿದರೂ ನಲವತ್ತನೆಯದು ಸಿಗಲಿಲ್ಲ. ಮಾಸ್ತರರು ಮರುದಿನವೂ ಟಾರ್ಚು ಹಿಡಿದು ಹೋಗಿಬಂದರು. ಜೂನ್ ಎರಡನೆಯ ವಾರ ಒಡೆಯರ ಮಗ ಅವರ ಮನೆಯ ಬಾಗಿಲಿಗೆ ಬಂದು, ಬಾಳೆಲೆಯ ಚೂರಿನಲ್ಲಿ ಸುತ್ತಿದ್ದ ಮೊಳೆಯನ್ನು ಕೊಟ್ಟ. ನೇಗಿಲ ಬಾಯಿಗೆ ಸಿಕ್ಕಿತೆಂದೂ ಎತ್ತಿಗೆ ಏನೂ ಆಗಿಲ್ಲವೆಂದೂ ತಿಳಿಸಬೇಕೆಂದು ಅಪ್ಪ ಹೇಳಿ ಕಳುಹಿಸಿದ್ದಾರೆ ಎಂದ.